ಕರಿನೀರಿನ ಆಚೆ: ಗಾಣ, ಬಿಳಲು, ಹವಳ

ಹಿರಿಯರ ಮಾತಿನಲ್ಲಿ ‘ಕರಿನೀರಿನ ಶಿಕ್ಷೆ’ ಎಂದರೆ ಅಂಡಮಾನಿಗೆ ಗಡಿಪಾರು. 1857ರ ದಂಗೆಯ ಮರುವರ್ಷವೇ ಬ್ರಿಟಿಷರು ಕೈದಿಗಳನ್ನು ಹಡಗಿನಲ್ಲಿ ತುಂಬಿ ಈ ದ್ವೀಪಗಳಿಗೆ ತಂದು ಇಳಿಸಿದರು. ಕಾಡು ಕಡಿದವರೂ ಆ ಕೈದಿಗಳೇ, ವಸಾಹತು ಕಟ್ಟಿದವರೂ ಅವರೇ. ಇಲ್ಲಿನ ಸ್ಮಾರಕಗಳ ಕಥೆಯಲ್ಲಿ ಕಾಡು ಮತ್ತೆ ಮತ್ತೆ ಬರುವುದು ಇದರಿಂದ.

ಪ್ರವಾಸ ಸಾಮಾನ್ಯವಾಗಿ ಶುರುವಾಗುವುದು ಪೋರ್ಟ್ ಬ್ಲೇರ್‌ನ ಸೆಲ್ಯುಲಾರ್ ಜೈಲಿನಲ್ಲಿ. 2024ರಿಂದ ಈ ಊರಿನ ಅಧಿಕೃತ ಹೆಸರು ಶ್ರೀ ವಿಜಯಪುರಂ. ಜೈಲಿನ ಕಟ್ಟಡ 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿಯಿತು. ನಡುವೆ ಕಾವಲು ಗೋಪುರ. ಅದರಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟ ಏಳು ಸಾಲು, ಪ್ರತಿಯೊಂದೂ ಮೂರು ಅಂತಸ್ತು. ಒಂದು ಸಾಲಿನ ಮುಖ ಇನ್ನೊಂದರ ಬೆನ್ನಿಗೆ. ಕೈದಿ ಸರಳು ಹಿಡಿದು ನಿಂತರೂ ಎದುರಿಗೆ ಮನುಷ್ಯನ ಮುಖ ಕಾಣುತ್ತಿರಲಿಲ್ಲ. ಬಾಗಿಲ ಅಗುಳಿಯನ್ನು ಗಮನಿಸಬೇಕು: ಅದು ಬಾಗಿಲಿನಿಂದ ದೂರ, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೋಗಿ ಕೂರುತ್ತದೆ. ಒಳಗಿನಿಂದ ಎಷ್ಟು ಕೈ ಚಾಚಿದರೂ ಎಟುಕದು. ಅಂಗಳದಲ್ಲಿ ಎತ್ತು ತಿರುಗಿಸುವಂಥ ಗಾಣಕ್ಕೆ ಮನುಷ್ಯರನ್ನು ಹೂಡಿ, ದಿನಕ್ಕೆ 30 ಪೌಂಡ್ ತೆಂಗಿನೆಣ್ಣೆ ತೆಗೆಸುತ್ತಿದ್ದರು. 1911ರಲ್ಲಿ ಇಲ್ಲಿಗೆ ಬಂದ ವಿನಾಯಕ ದಾಮೋದರ ಸಾವರ್ಕರ್ ಹತ್ತು ವರ್ಷ ಇದ್ದರು. ಏಳರಲ್ಲಿ ಈಗ ಉಳಿದಿರುವುದು ಮೂರೇ ಸಾಲು. ಕೆಡವಿದ ಜಾಗದ ಒಂದು ಭಾಗದಲ್ಲಿ ಆಸ್ಪತ್ರೆ ಎದ್ದಿದೆ. 1979ರಲ್ಲಿ ಉಳಿದ ಕಟ್ಟಡ ರಾಷ್ಟ್ರೀಯ ಸ್ಮಾರಕವಾಯಿತು.

ಜೈಲಿನಿಂದಲೇ ಕಾಣುವ ಪುಟ್ಟ ದ್ವೀಪ ರಾಸ್. 2018ರಿಂದ ಅದು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಆಡಳಿತ ನಡೆಸುವ ಸಾಹೇಬರು ವಾಸವಿದ್ದದ್ದು ಅಲ್ಲಿ. ಚರ್ಚು, ಬೇಕರಿ, ಕ್ಲಬ್ಬು ಎಲ್ಲ ಇದ್ದವು. 1941ರ ಜೂನ್ ಭೂಕಂಪ ಊರನ್ನು ಕೆಡಿಸಿತು, ಮರುವರ್ಷ ಜಪಾನೀಯರು ಬಂದರು. ಆಮೇಲೆ ಅಲ್ಲಿ ನೆಲೆಯೂರಿದ್ದು ಆಲದ ಜಾತಿಯ ಮರಗಳು. ಬೇರುಬಿಳಲುಗಳು ಇಟ್ಟಿಗೆಯ ಸಂದಿಗೆ ಇಳಿದು ಗೋಡೆಯನ್ನು ಬಲೆಯಂತೆ ಬಿಗಿದಿವೆ. ಎಷ್ಟೋ ಕಡೆ ಬೇರು ಕಿತ್ತರೆ ಗೋಡೆಯೂ ಉದುರೀತು. ಒಡೆದದ್ದೂ ಅದೇ, ಈಗ ಹಿಡಿದು ನಿಲ್ಲಿಸಿರುವುದೂ ಅದೇ. ನೆರಳಲ್ಲಿ ಮೇಯುವ ಚುಕ್ಕೆ ಜಿಂಕೆಗಳು ಫೋಟೊಗೆ ಚೆನ್ನ, ಆದರೆ ದ್ವೀಪದ ಮೂಲ ಪ್ರಾಣಿಗಳಲ್ಲ. ಬ್ರಿಟಿಷರು ತಂದು ಬಿಟ್ಟವು. ಹಿಡಿದು ತಿನ್ನುವ ಹುಲಿ, ಚಿರತೆ ಅಂಡಮಾನಿನಲ್ಲಿ ಇಲ್ಲದ್ದರಿಂದ ಅವು ಹೆಚ್ಚಿ, ಎಳೆ ಸಸಿಗಳಿಗೆ ಕಂಟಕವಾಗಿವೆ.

ಪಟ್ಟಣದಿಂದ ಸುಮಾರು 30 ಕಿ.ಮೀ. ದೂರದ ವಂಡೂರಿನಲ್ಲಿ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವಿದೆ. 1983ರಲ್ಲಿ ಘೋಷಣೆಯಾದ ಇದರ ವಿಸ್ತಾರ 281.5 ಚದರ ಕಿ.ಮೀ.; ಬಹುಭಾಗ ನೀರು, ನಡುವೆ 15 ದ್ವೀಪಗಳು. ಪ್ರವಾಸಿಗರಿಗೆ ತೆರೆಯುವುದು ಮುಖ್ಯವಾಗಿ ಎರಡೇ: ಒಣ ಹವೆಯ ತಿಂಗಳುಗಳಲ್ಲಿ ಜಾಲಿ ಬಾಯ್, ಮಳೆಗಾಲದಲ್ಲಿ ರೆಡ್ ಸ್ಕಿನ್. ಒಂದು ತೆರೆದಾಗ ಇನ್ನೊಂದಕ್ಕೆ ಬಿಡುವು. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ದೋಣಿ ಹತ್ತುವಂತಿಲ್ಲ.

ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತರೆ ಕಾಲಡಿಯಲ್ಲೇ ಹವಳ. ಬಣ್ಣಬಣ್ಣದ ತೋಟವನ್ನೇ ಕಲ್ಪಿಸಿಕೊಂಡು ಹೋದವರಿಗೆ ಬೂದು ಬಣ್ಣದ ತುಂಡುಗಳೂ ಕಾಣುತ್ತವೆ. ಹವಳದ ಹುಳುವಿಗೆ ಬಣ್ಣವನ್ನೂ ಆಹಾರದ ದೊಡ್ಡ ಪಾಲನ್ನೂ ಕೊಡುವುದು ಅದರೊಳಗೆ ಬಾಳುವ ಪಾಚಿ. ನೀರು ಹೆಚ್ಚು ದಿನ ಬಿಸಿಯಾದರೆ ಹುಳು ಆ ಪಾಚಿಯನ್ನೇ ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. 1998ರಲ್ಲೂ 2010ರಲ್ಲೂ ಅಂಡಮಾನಿನ ಹವಳಕ್ಕೆ ಹೀಗಾಯಿತು. ಬೇಗ ತಂಪಾದರೆ ಪಾಚಿ ಮರಳುತ್ತದೆ, ತಡವಾದರೆ ಹವಳ ಸಾಯುತ್ತದೆ.

ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಚೀಲಗಳನ್ನು ಜೆಟ್ಟಿಯಲ್ಲೇ ತಪಾಸಣೆ ಮಾಡುತ್ತಾರೆ. ನೀರಿನ ಬಾಟಲಿಯನ್ನು ಠೇವಣಿ ಕಟ್ಟಿಸಿಕೊಂಡು ಕೊಡುತ್ತಾರೆ. ಸಂಜೆ ಬಾಟಲಿ ತಂದು ಒಪ್ಪಿಸಿದವರಿಗೆ ಹಣ ವಾಪಸ್.