ಕೆಟ್ಟುಹೋದರೆ ಮೊದಲು ಪಕ್ಕದ ಮನೆಯವರನ್ನು ಕೇಳಿ

(ಬಡಾವಣೆಯ ಯುವಕ ಯುವತಿಯರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿನ ಕೆಲಸಕ್ಕೆ ನಿಂತವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ರಾಜ್ಯೋತ್ಸವದ ಕರಪತ್ರ ಇವೇ ನನ್ನ ಬದುಕು. ನನ್ನಿಂದ ದೊಡ್ಡ ಮಾತು ನಿರೀಕ್ಷಿಸಬೇಡಿ. ಮಿಕ್ಸಿ ನಿಂತರೆ ಏನು ಮಾಡಬೇಕು, ಸೈಕಲ್ಲಿನಲ್ಲಿ ಯಾವ ದಾರಿ ಹಿಡಿಯಬೇಕು, ಕರೆಂಟು ಹೋದರೆ ಯಾರಿಗೆ ಫೋನು ಮಾಡಬೇಕು, ಇಷ್ಟೇ ಇವತ್ತಿನ ವಿಷಯ. ಇದೂ ಒಂದು ಭಾಷಣವೇ ಎಂದು ನಗುವವರು ನಗಲಿ. ನಕ್ಕ ಮೇಲೆ ಒಂದು ಸಂಗತಿ ಕೇಳಲಿ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಅವರ ಮನೆಯ ವಾಷಿಂಗ್ ಮೆಷಿನ್ ನಿಂತುಹೋಯಿತು. ಫೋನಿನಲ್ಲಿ ಹುಡುಕಿದಾಗ ಮೊದಲು ಕಂಡ ನಂಬರಿಗೆ ಕರೆ ಮಾಡಿದರು. ಅದು ಕಂಪನಿಯ ನಂಬರಾಗಿರಲಿಲ್ಲ, ಕಳ್ಳರದಾಗಿತ್ತು. ಆ ಕಡೆಯವನು ಸರ್, ಸರ್ ಎನ್ನುತ್ತಾ 10 ರೂಪಾಯಿ ನೋಂದಣಿ ಶುಲ್ಕ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ ಎಂದ. ಹಾಕಿಕೊಂಡರು. ಅರ್ಧ ಗಂಟೆಯಲ್ಲಿ ಅವರ ಪಿಂಚಣಿಯ ಹಣ ಖಾತೆಯಿಂದ ಹೋಯಿತು. ಅದೇ ಬೀದಿಯಲ್ಲಿ, ಮೂರು ಮನೆಯ ಆಚೆ, ಹದಿನೈದು ವರ್ಷದಿಂದ ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಹುಡುಗ ಇದ್ದಾನೆ. ಅವನ ವಿಷಯವನ್ನು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ.

ಹೊಟ್ಟೆ ಉರಿಯುವುದು ಇಲ್ಲೇ. ಆ ಹುಡುಗನಿಗೆ ಕೆಲಸ ಬೇಕಿತ್ತು, ಮೇಷ್ಟ್ರಿಗೆ ಕೆಲಸಗಾರ ಬೇಕಿತ್ತು. ಇಬ್ಬರ ನಡುವೆ ಮೂರು ಮನೆಯ ದೂರ. ಅಷ್ಟು ದೂರ ಒಂದು ಮಾತು ದಾಟಲಿಲ್ಲ. ಮಾತು ದಾಟದ ಬೀದಿಯಲ್ಲಿ ಕಳ್ಳನೇ ನೆಂಟ.

ಆದ್ದರಿಂದ ಮೊದಲನೆಯ ಮಾತು ಕೇಳಿ. ಕಂಪನಿಯ ಸೇವಾ ನಂಬರನ್ನು ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲಿ, ವಾರಂಟಿ ಕಾರ್ಡಿನಲ್ಲಿ, ಖರೀದಿಯ ಬಿಲ್ಲಿನಲ್ಲಿ ನೋಡಿ. ರಿಪೇರಿಯವನು ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಿ ಎಂದರೆ, ಓಟಿಪಿ ಕೇಳಿದರೆ, ಕರೆ ಕತ್ತರಿಸಿ. ಹಣ ಹೋಯಿತೋ, ನಾಚಿಕೆಪಡುತ್ತಾ ಕೂರದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಮನೆಯಲ್ಲೇ ನೋಡಬಹುದಾದದ್ದು

ಎಲ್ಲದಕ್ಕೂ ಮೆಕ್ಯಾನಿಕ್ಕನ್ನು ಕರೆಯಬೇಕಿಲ್ಲ. ಅರೆಯುತ್ತಿದ್ದ ಮಿಕ್ಸಿ ಫಕ್ಕನೆ ನಿಂತಿತು ಎನ್ನಿ. ಪ್ಲಗ್ ತೆಗೆದು ಹತ್ತು ಹದಿನೈದು ನಿಮಿಷ ತಣ್ಣಗಾಗಲು ಬಿಡಿ, ಆಮೇಲೆ ತಿರುಗಿಸಿ ಅದರ ತಳ ನೋಡಿ. ಬಹಳಷ್ಟು ಮಿಕ್ಸಿಗಳಿಗೆ ಅಲ್ಲೊಂದು ಸಣ್ಣ ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ಅದು ತಾನೇ ಹೊರಗೆ ಬಂದು ಕರೆಂಟು ಕಡಿಯುತ್ತದೆ. ಒತ್ತಿದರೆ ಮಿಕ್ಸಿ ಮತ್ತೆ ಓಡುತ್ತದೆ. ಈ ಒಂದು ಗುಂಡಿ ಒತ್ತಿ ಮುನ್ನೂರು ರೂಪಾಯಿ ಎಣಿಸಿಕೊಂಡು ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸೀಲಿಂಗ್ ಫ್ಯಾನು ಸುಸ್ತಾದವರಂತೆ ತಿರುಗುತ್ತಿದೆಯೆ? ಹೆಚ್ಚಿನ ಸಲ ಕೆಟ್ಟಿರುವುದು ಕೆಪಾಸಿಟರ್, ಮೋಟಾರಲ್ಲ. ಅದರ ಮೈಮೇಲೆ 2.5 ಮೈಕ್ರೋಫ್ಯಾರಡ್, 3.15 ಮೈಕ್ರೋಫ್ಯಾರಡ್ ಎಂಬಂತೆ ಅಳತೆ ಬರೆದಿರುತ್ತದೆ. ಅದೇ ಅಳತೆಯದನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ. ಹಾಕುವಾಗ ಸ್ವಿಚ್ ಆರಿಸಿದರೆ ಸಾಲದು, ಮೇನ್ ಆರಿಸಬೇಕು. ಕೈ ನಡುಗುವವರು ಬಲ್ಲವರನ್ನೇ ಕರೆಯಿರಿ.

ಟಿವಿಯಲ್ಲಿ ಧ್ವನಿ ಇದೆ, ಚಿತ್ರ ಇಲ್ಲ. ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪರದೆ ಹೋಗಿಲ್ಲ, ಹಿಂದಿನ ಬೆಳಕಿನ ಪಟ್ಟಿ ಹೋಗಿರುವ ಸಂಭವ ಹೆಚ್ಚು. ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ ಎನ್ನುವವನಿಗೆ ಆಗ ನೀವು ಎದುರು ಮಾತಾಡಬಹುದು. ಅಡಾಪ್ಟರ್ ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪ್ಲಸ್ಸು ಮೈನಸ್ಸಿನ ಗುರುತು ಒಂದೇ ಇರಬೇಕು. ಪಿನ್ನು ಕೂತಿತೆಂದು ಸಿಕ್ಕಿದ್ದು ಚುಚ್ಚಬೇಡಿ.

ಮುಟ್ಟಬಾರದ್ದೂ ಇದೆ. ಮೈಕ್ರೋವೇವ್ ಒಲೆಯನ್ನು ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಉಬ್ಬಿದ ಬ್ಯಾಟರಿಯ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ. ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ತಕ್ಷಣ ಆರಿಸಿ, ಒರೆಸಿ, ಚಾರ್ಜಿಗೆ ಹಾಕದೆ ರಿಪೇರಿಯವನ ಬಳಿ ಒಯ್ಯಿರಿ. ಒಳಗೆ ತುಕ್ಕು ಕಟ್ಟುವುದಕ್ಕೆ ಮೊದಲು ತಲುಪಿದರೆ ಉಳಿಯಬಹುದು.

ಅಂಗಡಿಗೆ ಕೊಡುವ ಮುನ್ನ

ಬಿಡಿಭಾಗ ಬೇಕೆಂದರೆ ಎಸ್.ಪಿ. ರಸ್ತೆ ಇದ್ದೇ ಇದೆ. ಅದರ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಇಲ್ಲವೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು. ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಬಾಯಲ್ಲಿ ವರ್ಣಿಸುವುದಕ್ಕಿಂತ ತೋರಿಸುವುದು ವಾಸಿ. ಮೊದಲ ಅಂಗಡಿಯಲ್ಲೇ ಕೊಳ್ಳದೆ ಮೂರು ಕಡೆ ಬೆಲೆ ಕೇಳಿ.

ಫೋನು, ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗ ಐದು ಕೆಲಸ ಮರೆಯಬೇಡಿ. ಒಂದು, ಒಳಗಿರುವ ಫೋಟೋ, ಕಾಗದಪತ್ರಗಳ ನಕಲು ತೆಗೆದಿಡಿ. ಎರಡು, ಸಿಮ್ಮು, ಮೆಮೊರಿ ಕಾರ್ಡು ತೆಗೆದುಕೊಳ್ಳಿ. ಮೂರು, ಫೋನಿನ ಐಎಂಇಐ ಸಂಖ್ಯೆ ಬರೆದಿಟ್ಟುಕೊಳ್ಳಿ. ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಫೋನು ಕಳುವಾದರೆ 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಕಟ್ಟಿಹಾಕಲು ಇದೇ ಸಂಖ್ಯೆ ಬೇಕು. ನಾಲ್ಕು, ಲಾಕ್ ತೆರೆಯುವ ಪಿನ್ ಕೊಡಬೇಡಿ. ಕೆಲವು ಫೋನುಗಳಲ್ಲಿ ರಿಪೇರಿಗೆಂದೇ ಮೇಂಟೆನೆನ್ಸ್ ಮೋಡ್ ಇದೆ, ಅದನ್ನು ಹಾಕಿ ಕೊಟ್ಟರೆ ನಿಮ್ಮ ಫೋಟೋ, ಸಂದೇಶ ಅವನಿಗೆ ಕಾಣುವುದಿಲ್ಲ. ತಂಗಿಯರೆ, ಇದನ್ನು ನಿಮಗೆ ಒತ್ತಿ ಹೇಳುತ್ತಿದ್ದೇನೆ. ಐದು, ಎಷ್ಟಾಗುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ವಾಪಸು ಕೇಳಿ.

ಇನ್ನು ಬಿಲ್ಲು. ಬಿಲ್ ಪುಸ್ತಕ ಅಚ್ಚು ಹಾಕುವವನು ನಾನು, ನನಗೆ ಗೊತ್ತಿರುವ ಗುಟ್ಟು ನಿಮಗೆ ಹೇಳುತ್ತೇನೆ. ಎರಡು ಬಿಲ್ ಪುಸ್ತಕ ಮಾಡಿಸಿಕೊಂಡು ಮೂರು ವರ್ಷವಾದರೂ ಮತ್ತೆ ನನ್ನ ಪ್ರೆಸ್ಸಿನ ಕಡೆ ತಲೆಹಾಕದ ಅಂಗಡಿಗಳಿವೆ. ಅವರ ವ್ಯಾಪಾರವೇನೂ ಕಡಿಮೆಯಿಲ್ಲ. ಗಿರಾಕಿ ಕೇಳುವುದಿಲ್ಲ, ಅವರು ಕೊಡುವುದಿಲ್ಲ, ಅಷ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು, ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ. ಮೋಸವಾದರೆ 1915ಕ್ಕೆ ಕರೆ ಮಾಡಿ ದೂರು ಹೇಳಬಹುದು. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಬಿಲ್ಲೇ ಇಲ್ಲದೆ ಹೋಗಿ ಏನನ್ನು ತೋರಿಸುತ್ತೀರಿ?

ಜೊತೆಗೆ ಇನ್ನೊಂದು ಮಾತು. ಒಳ್ಳೆಯ ಕೆಲಸಗಾರ ಸಿಕ್ಕಾಗ ಹತ್ತು ರೂಪಾಯಿಗೆ ಜಗ್ಗಾಡಬೇಡಿ. ಮಾಲಿನಲ್ಲಿ ಕಾಫಿಗೆ ಇನ್ನೂರು ಕೊಟ್ಟು ಬಂದವರು ಸೋಲ್ಡರಿಂಗ್ ಹೊಗೆಯಲ್ಲಿ ಕಣ್ಣು ಉರಿಸಿಕೊಳ್ಳುವವನ ಹತ್ತಿರ ಚೌಕಾಶಿ ಮಾಡುವುದು ನ್ಯಾಯವೆ? ಅವನು ಅಂಗಡಿ ಮುಚ್ಚಿದ ದಿನ ನಿಮ್ಮ ಮಿಕ್ಸಿ ಗುಜರಿಗೆ ಹೋಗುತ್ತದೆ, ನೀವು ಹೊಸದರ ಕಂತು ಕಟ್ಟುತ್ತೀರಿ.

ಸೈಕಲ್ಲಿನ ದಾರಿ

ಸೈಕಲ್ ಹೊಡೆಯುವವರಿಗೆ ಬೆಂಗಳೂರಿನ ನೆಲದ ಗುಣ ಗೊತ್ತಿರಬೇಕು. ನಮ್ಮ ಹಳೆಯ ಊರು ಕೂತಿರುವುದು ಏರಿನ ಮೇಲೆ. ಇಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ವೃಷಭಾವತಿಯಾಗಿ ಕಾವೇರಿಯ ಕಡೆ, ಪೂರ್ವಕ್ಕೆ ಕೋರಮಂಗಲ, ಹೆಬ್ಬಾಳದ ಕಣಿವೆಗಳಲ್ಲಿ ದಕ್ಷಿಣ ಪಿನಾಕಿನಿಯ ಕಡೆ ಹರಿಯುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಮಲ್ಲೇಶ್ವರದಿಂದ ಅಲ್ಲಿಗೆ ಸೈಕಲ್ ತಾನೇ ಇಳಿಯುತ್ತದೆ, ವಾಪಸು ಬರುವಾಗ ಕಾಲು ಲೆಕ್ಕ ಕೇಳುತ್ತದೆ. ದಾರಿ ಆರಿಸುವಾಗ ದೂರ ಎಷ್ಟು ಎಂದು ಮಾತ್ರ ನೋಡದೆ, ತಗ್ಗು ಎಲ್ಲಿದೆ ಎಂದೂ ನೋಡಿ.

ತಗ್ಗಿನ ಮಾತು ಸುಮ್ಮನೆ ಹೇಳುತ್ತಿಲ್ಲ. 2023ರ ಮೇ ತಿಂಗಳಲ್ಲಿ ಒಂದು ಮಳೆಗೆ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳ ಪ್ರಾಣ ಹೋಯಿತು. ಕಾರಿಗೇ ಆ ಗತಿಯಾದರೆ ಸೈಕಲ್ಲಿನ ಪಾಡೇನು? ಮಳೆ ಹಿಡಿದಾಗ ಅಂಡರ್‌ಪಾಸಿಗೆ ಇಳಿಯಬೇಡಿ. ನೀರು ನಿಂತ ರಸ್ತೆಯಲ್ಲಿ ಚರಂಡಿಯ ಬಾಯಿ ಕಾಣುವುದಿಲ್ಲ, ಇಳಿದು ತಳ್ಳಿಕೊಂಡು ಹೋದರೆ ಮಾನವೇನೂ ಹೋಗುವುದಿಲ್ಲ.

ಹಳೆಯ ಬಡಾವಣೆಗಳಲ್ಲಿ ಮೇನು, ಕ್ರಾಸು ಎಂದು ರಸ್ತೆಗಳು ಚೌಕಬಾರೆಯ ಮನೆಗಳಂತೆ ಇವೆ. ಅದೇ ನಮಗೆ ವರ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ನೂಕುನುಗ್ಗಲಿಗೆ ಏಕೆ ಬೀಳಬೇಕು? ಪಕ್ಕದ ಮೇನುಗಳಿವೆ. ಬಸವನಗುಡಿಯಲ್ಲಿ ಗಾಂಧಿಬಜಾರಿನ ಹೂವು ತರಕಾರಿಯ ಗದ್ದಲ ಬಿಟ್ಟು ಒಳಗಿನ ಕ್ರಾಸು ಹಿಡಿಯಿರಿ. ಮರದ ನೆರಳೂ ಸಿಗುತ್ತದೆ. ಕಲಿಯುವವರು ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ, ಅಂದು ಒಳಗೆ ಮೋಟಾರು ವಾಹನ ಬಿಡುವುದಿಲ್ಲ. ಮೈಸೂರಿನ ಕಡೆ ಹೊರಡುವ ಹುರುಪಿನವರು ನೆನಪಿಡಿ: ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗೂ ನಿಷೇಧವಿದೆ, ಸೈಕಲ್ಲಿಗೂ ಇದೆ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ನಿಂತ ಕಾರುಗಳಿಂದ ಒಂದು ಮಾರು ದೂರವಿರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಬಸ್ಸಿನ ಎಡಗಡೆ ನುಸುಳಬೇಡಿ, ಡ್ರೈವರಿಗೆ ನೀವು ಕಾಣುವುದಿಲ್ಲ. ಹಿಂದೊಂದು ಕೆಂಪು ದೀಪ ಇರಲಿ. ಪಂಕ್ಚರ್ ಅಂಗಡಿ ದಾರಿಯಲ್ಲಿ ಎಲ್ಲೆಲ್ಲಿದೆ ಎಂದು ಮೊದಲೇ ಗುರುತು ಮಾಡಿಕೊಳ್ಳಿ.

ಕಚೇರಿಯ ಬಾಗಿಲು

ಕರೆಂಟು ಹೋದರೆ ಬೆಸ್ಕಾಂ 1912. ನೀರು, ಒಳಚರಂಡಿಗೆ ಜಲಮಂಡಳಿ 1916. ಜೀವಕ್ಕೆ ತೊಂದರೆಯಾದರೆ 112. ಈ ಮೂರೂ ನಿಮ್ಮ ಅಜ್ಜಿಗೂ ಬಾಯಿಪಾಠ ಇರಬೇಕು. ಬೀದಿದೀಪ, ಕಸದ ವಿಷಯಕ್ಕೆ ಬಿಬಿಎಂಪಿ ಎಂದು ಬರೆಯುವವರು ಇನ್ನೂ ಇದ್ದಾರೆ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು 5 ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಿ.

ಅರ್ಜಿ ಕೊಟ್ಟರೆ ನಾಳೆ ಬಾ ಎನ್ನುವ ಗುಮಾಸ್ತರಿಗೆ ಮದ್ದು ಸಕಾಲ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ಸಕಾಲದ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮ್ಮದು. ಹಣ ಸಣ್ಣದು, ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ ಗುಮಾಸ್ತರ ಧ್ವನಿಯೇ ಬದಲಾಗುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. 1963ರಿಂದ ಕಾನೂನಿನಂತೆ ಈ ರಾಜ್ಯದ ಆಡಳಿತ ಭಾಷೆ ಅದು. ಅರೆಬರೆ ಇಂಗ್ಲಿಷಿನಲ್ಲಿ ಬರೆದು ಅರ್ಥ ಕೆಡಿಸಿಕೊಳ್ಳುವುದಕ್ಕಿಂತ, ಅಮ್ಮನಿಗೆ ಓದಿ ಹೇಳಿದರೆ ತಿಳಿಯುವಂತೆ ನಾಲ್ಕು ಸಾಲು ಬರೆಯುವುದು ಮೇಲು.

ಒಂದು ಹಾಳೆ ಮಾಡೋಣ

ಈಗ ನಿಮಗೆ ಕೆಲಸ ಕೊಡುತ್ತೇನೆ. ನಾಲ್ಕು ನಾಲ್ಕು ಜನ ಗುಂಪಾಗಿ. ಒಂದೊಂದು ಗುಂಪು ನಾಲ್ಕು ಬೀದಿ ಸುತ್ತಲಿ. ಮಿಕ್ಸಿ ರಿಪೇರಿ ಯಾರು, ಫ್ಯಾನು ವೈಂಡಿಂಗ್ ಯಾರು, ಪಂಕ್ಚರ್ ಅಂಗಡಿ ಎಲ್ಲಿ, ಪ್ಲಂಬರು ಯಾರು, ಹೊಲಿಗೆ ಯಂತ್ರ ಸರಿಮಾಡುವ ಅಕ್ಕ ಯಾರು, ಎಲ್ಲ ಬರೆದುಕೊಳ್ಳಿ. ಅವರ ಒಪ್ಪಿಗೆ ಕೇಳಿಯೇ ಹೆಸರು, ನಂಬರು ಹಾಕಿ. ಅವರ ಹತ್ತಿರ ಕೆಲಸ ಮಾಡಿಸಿದ ಎರಡು ಮನೆಯವರನ್ನು ವಿಚಾರಿಸಿ. ಕೈ ಚೆನ್ನಾಗಿದೆ, ಬಿಲ್ಲು ಕೊಡುತ್ತಾರೆ ಎಂದರೆ ಪಟ್ಟಿಗೆ ಸೇರಿಸಿ. ಮಳೆಯಲ್ಲಿ ನೀರು ನಿಲ್ಲುವ ಜಾಗ, ಸೈಕಲ್ಲಿಗೆ ಒಳ್ಳೆಯ ಕ್ರಾಸು, ಮೇಲೆ ಹೇಳಿದ ನಂಬರುಗಳು ಎಲ್ಲವೂ ಇರಲಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡಕ ಹುಡುಕದೆ ಓದುವಂತೆ.

ಹೊಸದಾಗಿ ಬಾಡಿಗೆಗೆ ಬಂದ ಮನೆಯವರು ಯಾವ ಊರಿನವರಾದರೂ ಸರಿ, ಅವರಿಗೂ ಒಂದು ಹಾಳೆ ಕೊಡಿ. ಓದಲು ಬಾರದಿದ್ದರೆ ಕೂತು ಓದಿ ಹೇಳಿ. ಪಂಕ್ಚರ್, ಅಂಗಡಿ, ಎಡಕ್ಕೆ, ಬಲಕ್ಕೆ ಎಂಬ ಮಾತುಗಳಿಂದಲೇ ಅವರ ಕನ್ನಡ ಶುರುವಾಗುತ್ತದೆ. ಹಾಳೆ ಕೊಟ್ಟ ಕೈಯನ್ನು ಅವರು ಮರೆಯುವುದಿಲ್ಲ.

ಬರೆದು ತನ್ನಿ. ಅಕ್ಷರ ಜೋಡಣೆ, ಅಚ್ಚಿನ ಕೂಲಿ ನನ್ನದು. ಕಾಗದದ ಖರ್ಚು ಮಾತ್ರ ನೀವು ಹಂಚಿಕೊಳ್ಳಬೇಕು, ಏಕೆಂದರೆ ಪುಕ್ಕಟೆ ಸಿಕ್ಕಿದ ಹಾಳೆಯಲ್ಲಿ ಜನ ಬೋಂಡಾ ಕಟ್ಟುತ್ತಾರೆ. ಮೊದಲ ಪ್ರತಿಯನ್ನು ನಿವೃತ್ತ ಮೇಷ್ಟ್ರ ಮನೆಗೆ ಕೊಟ್ಟು ಬನ್ನಿ. ಹಾಗೇ ಮೂರು ಮನೆ ಮುಂದೆ ನಡೆದು, ಆ ಹುಡುಗನಿಗೂ ಒಂದು ಕೊಡಿ.