ಭಾವಚಿತ್ರದೊಳಗಿನ ಇಬ್ಬರು

‘ಭಾವಚಿತ್ರ’ ಎಂಬುದು ನಮ್ಮ ದಿನಬಳಕೆಯ ಮಾತು. ನಡುಮನೆಯ ಗೋಡೆಗೆ ತೂಗುಹಾಕಿದ ಹಿರಿಯರ ಚಿತ್ರಕ್ಕೂ, ಅರ್ಜಿಯ ಮೂಲೆಗೆ ಅಂಟಿಸುವ ಅಂಗುಲದಗಲದ ಪಟಕ್ಕೂ ನಾವು ಅದೇ ಹೆಸರನ್ನು ಸಲ್ಲಿಸುತ್ತೇವೆ. ಆದರೆ ಪದವನ್ನು ಬಿಡಿಸಿ ನೋಡಿದರೆ ಅದು ಮುಖದ ಚಿತ್ರವಲ್ಲ, ಭಾವದ ಚಿತ್ರ. ಮುಖ ಎಲ್ಲರಿಗೂ ಕಾಣುತ್ತದೆ. ಭಾವ ಒಳಗೇ ಉಳಿಯುತ್ತದೆ. ಹಾಗಾದರೆ ತನ್ನ ಭಾವಚಿತ್ರವನ್ನು ತಾನೇ ಬರೆದುಕೊಳ್ಳಹೊರಟ ಕಲಾವಿದ ಏನನ್ನು ಬರೆಯಬೇಕು? ಲೋಕ ಕಂಡದ್ದನ್ನೋ, ತಾನೊಬ್ಬನೇ ಬಲ್ಲದ್ದನ್ನೋ?

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಮೆಕ್ಸಿಕೊ ದೇಶದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೊ 1939ರಲ್ಲಿ ಬರೆದ ‘ಇಬ್ಬರು ಫ್ರೀಡಾಗಳು’ ಎಂಬ ಚಿತ್ರ. ಐದೂವರೆ ಅಡಿಗೂ ಮಿಗಿಲಾದ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ. ಮೂಲ ಚಿತ್ರ ಮೆಕ್ಸಿಕೊ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ನಾನು ನೋಡಿರುವುದು ಪುಸ್ತಕದಲ್ಲಿ ಅಚ್ಚಾದ ಪ್ರತಿಯನ್ನು ಮಾತ್ರ.

ಬಿರುಗಾಳಿಯ ಮೋಡ ಕವಿದ ಆಕಾಶ. ಅದರ ಮುಂದೆ ಒಂದೇ ಮುಖದ ಇಬ್ಬರು ಹೆಂಗಸರು ಪಕ್ಕಪಕ್ಕದಲ್ಲಿ, ಕೈ ಹಿಡಿದುಕೊಂಡು ಕುಳಿತಿದ್ದಾರೆ. ಒಬ್ಬಳು ಕತ್ತಿನವರೆಗೆ ಮುಚ್ಚಿದ, ಕಸೂತಿಯ ಬಿಳಿಯ ಐರೋಪ್ಯ ಉಡುಪಿನಲ್ಲಿದ್ದಾಳೆ. ಮತ್ತೊಬ್ಬಳು ಮೆಕ್ಸಿಕೊದ ತೆಹುವಾಂತೆಪೆಕ್ ಸೀಮೆಯ ಹೆಂಗಸರ ರವಿಕೆ ಲಂಗಗಳನ್ನು ತೊಟ್ಟಿದ್ದಾಳೆ. ಇಬ್ಬರ ಹೃದಯವೂ ಹೊರಗೆ ಕಾಣುತ್ತದೆ: ಬಿಳಿಯುಡುಪಿನವಳದು ಸೀಳಿದೆ, ಇನ್ನೊಬ್ಬಳದು ಇಡಿಯಾಗಿದೆ. ಎರಡು ಹೃದಯಗಳನ್ನೂ ಒಂದೇ ರಕ್ತನಾಳ ಜೋಡಿಸಿದೆ. ಅದರ ಒಂದು ತುದಿ, ದೇಶೀಯ ಉಡುಪಿನವಳು ಹಿಡಿದಿರುವ ಪುಟ್ಟದೊಂದು ಚಿತ್ರದಲ್ಲಿ ಮೊದಲಾಗುತ್ತದೆ. ಆಕೆಯ ಗಂಡ ಡಿಯೇಗೊ ರಿವೇರಾನ ಬಾಲ್ಯದ ಚಿತ್ರವದು. ಇನ್ನೊಂದು ತುದಿ ಬಿಳಿಯುಡುಪಿನವಳ ಮಡಿಲಲ್ಲಿ ಕತ್ತರಿಸಿಹೋಗಿದೆ. ಅವಳು ಅದನ್ನು ವೈದ್ಯರ ಇಕ್ಕಳದಿಂದ ಅದುಮಿ ಹಿಡಿದಿದ್ದಾಳೆ. ಆದರೂ ರಕ್ತ ತೊಟ್ಟಿಕ್ಕುತ್ತಿದೆ.

ಅದೇ 1939ರಲ್ಲಿ ಆ ದಂಪತಿಗಳ ವಿವಾಹವಿಚ್ಛೇದನವಾಯಿತು. ಮರುವರ್ಷ ಅವರು ಮತ್ತೆ ಮದುವೆಯಾದರು. ಆದ್ದರಿಂದ ಗಂಡ ಪ್ರೀತಿಸಿದ ಫ್ರೀಡಾ ಒಬ್ಬಳು, ಪ್ರೀತಿ ಕಳೆದುಕೊಂಡ ಫ್ರೀಡಾ ಇನ್ನೊಬ್ಬಳು ಎಂದು ವಿಮರ್ಶಕರು ಅರ್ಥಮಾಡುವುದುಂಟು. ಅದು ಸರಿಯೇ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇವರಲ್ಲಿ ಲೋಕದ ಫ್ರೀಡಾ ಯಾರು, ಏಕಾಂತದ ಫ್ರೀಡಾ ಯಾರು?

ಲೋಕ ಆಕೆಯನ್ನು ಗುರುತಿಸಿದ್ದು ದೇಶೀಯ ಉಡುಪಿನಲ್ಲಿ. ಆರನೆಯ ವಯಸ್ಸಿನಲ್ಲಿ ಪೋಲಿಯೊದಿಂದ ಬಡಕಲಾಗಿದ್ದ ಬಲಗಾಲನ್ನು ಆ ಉದ್ದ ಲಂಗಗಳು ಮರೆಮಾಡುತ್ತಿದ್ದವು. 1925ರಲ್ಲಿ ಬಸ್ಸು ಟ್ರಾಮಿಗೆ ಸಿಕ್ಕಿ ಬೆನ್ನೆಲುಬು ಮುರಿದಿದ್ದ ದೇಹ, ಆ ಬಣ್ಣಗಳಲ್ಲಿ ಹಬ್ಬಕ್ಕೆ ಹೊರಟಂತೆ ಕಾಣುತ್ತಿತ್ತು. ಎಂದರೆ ಅದು ಹೊರಗಿನ ವೇಷ. ಆದರೆ ಚಿತ್ರದಲ್ಲಿ ಅತ್ಯಂತ ಗುಟ್ಟಾದ ವಸ್ತು, ಪ್ರಿಯನ ಪುಟ್ಟ ಚಿತ್ರ, ಇರುವುದು ಈ ವೇಷದವಳ ಕೈಯಲ್ಲಿ! ಕತ್ತಿನವರೆಗೆ ಗುಂಡಿ ಹಾಕಿಕೊಂಡವಳಾದರೋ ಎಲ್ಲರ ಕಣ್ಣೆದುರಿಗೆ ರಕ್ತ ಸುರಿಸುತ್ತಿದ್ದಾಳೆ. ಒಳಗು ಹೊರಗುಗಳ ನಡುವೆ ನಾವು ಎಳೆಯುವ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಆಕೆ ತನ್ನ ದಿನಚರಿಯಲ್ಲಿ ಈ ಚಿತ್ರದ ಮೂಲವನ್ನು ಹೇಳಿಕೊಂಡಿದ್ದಾಳೆ. ಆರು ವರ್ಷದ ಹುಡುಗಿ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು, ಆ ಮಂಜಿನಲ್ಲಿ ಬೆರಳಿನಿಂದ ಬಾಗಿಲೊಂದನ್ನು ಬರೆಯುತ್ತಿದ್ದಳಂತೆ. ಮನಸ್ಸಿನಲ್ಲೇ ಆ ಬಾಗಿಲು ದಾಟಿ ನೆಲದಾಳಕ್ಕಿಳಿದರೆ ಅಲ್ಲಿ ಕಲ್ಪನೆಯ ಗೆಳತಿಯೊಬ್ಬಳು ಕಾದಿರುತ್ತಿದ್ದಳು. ಅವಳು ನಗುತ್ತಿದ್ದಳು, ಹಗುರಾಗಿ ಕುಣಿಯುತ್ತಿದ್ದಳು; ಇವಳು ತನ್ನ ಗುಟ್ಟುಗಳನ್ನೆಲ್ಲ ಅವಳಿಗೆ ಹೇಳುತ್ತಿದ್ದಳು. ಗಮನಿಸಿ: ಕುಣಿಯುವವಳು ಒಳಗಿದ್ದಾಳೆ, ನೋಯುವವಳು ಹೊರಗಿದ್ದಾಳೆ. ನಗುವೆಲ್ಲ ಮುಖವಾಡ, ನೋವೊಂದೇ ನಿಜ ಎಂಬ ನಮ್ಮ ಸುಲಭದ ತೀರ್ಮಾನವನ್ನು ಈ ಬಾಲೆ ತಲೆಕೆಳಗು ಮಾಡಿದ್ದಾಳೆ.

ನನ್ನ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವನು ನಾನು. ತರಗತಿಯಲ್ಲಿ ಮಾತುಗಾರ, ನಗಿಸುವವನು, ಮನೆಯಲ್ಲಿ ಮೌನಿ. ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ನನ್ನ ಪಾಠದ ಪ್ರಸಂಗಗಳನ್ನು ನನ್ನ ಪತ್ನಿಗೆ ಬಣ್ಣಿಸಿ ಹೇಳಿದ. ಅವನು ಹೋದ ಮೇಲೆ ಅವಳು ಲೋಟಗಳನ್ನು ಎತ್ತಿಕೊಳ್ಳುತ್ತ, “ಆ ಮೇಷ್ಟ್ರನ್ನ ಒಂದು ದಿನ ನಮ್ಮನೇಗೂ ಊಟಕ್ಕೆ ಕರ್ಕೊಂಡು ಬನ್ನಿ” ಎಂದಳು. ಕೋಪದಿಂದ ಆಡಿದ ಮಾತಲ್ಲ, ಆದ್ದರಿಂದಲೇ ನಾಟಿತು. ಹೊರಗಿನವನು ವೇಷ, ಮನೆಯಲ್ಲಿರುವವನೇ ನಿಜವಾದ ನಾನು ಎಂದು ಅದುವರೆಗೆ ಸಮಾಧಾನ ಹೇಳಿಕೊಂಡಿದ್ದೆ. ಅದು ಸಮಾಧಾನವಲ್ಲ, ಜಿಪುಣತನ. ನಗುವವನೂ ನಾನೇ ಆಗಿದ್ದೆ. ಅವನನ್ನು ಅವಳಿಗೆ ಕೊಡದೆ ಊರಿಗೆಲ್ಲ ಹಂಚಿದ್ದೆ.

ಫ್ರೀಡಾ ತನ್ನ ಇಬ್ಬರನ್ನು ಒಬ್ಬಳನ್ನಾಗಿ ಮಾಡಲಿಲ್ಲ. ಒಬ್ಬಳನ್ನು ಹೊರಗಟ್ಟಲೂ ಇಲ್ಲ. ಕೈ ಹಿಡಿಸಿ, ಪಕ್ಕದಲ್ಲಿ ಕೂರಿಸಿದಳು. ಬಹುಶಃ ಮನುಷ್ಯನಿಂದ ಆಗಬಹುದಾದದ್ದು ಅಷ್ಟೇ.

ಈ ಭಾಷಣವನ್ನು ಮುಂಚಿತವಾಗಿ ಧ್ವನಿಮುದ್ರಿಸಿಕೊಳ್ಳುತ್ತಿದ್ದಾರೆ. ಇದು ಪ್ರಸಾರವಾಗುವ ಹೊತ್ತಿಗೆ ನಾನು ಮನೆಯಲ್ಲಿ, ರೇಡಿಯೊದ ಪಕ್ಕದಲ್ಲಿ ಅವಳ ಜೊತೆ ಕುಳಿತಿರುತ್ತೇನೆ. ಮಾತನಾಡುವವನು ಪೆಟ್ಟಿಗೆಯೊಳಗೆ, ಮೌನಿ ಚಾಪೆಯ ಮೇಲೆ. ಅಂತೂ ಆ ಮೇಷ್ಟ್ರು ಮನೆಗೆ ಬಂದಂತಾಯಿತು. ಊಟಕ್ಕೆ ಏಳುವ ಮೊದಲು ಮೌನಿಯೂ ಒಂದೆರಡು ಮಾತನಾಡಬೇಕೆಂದಿದ್ದಾನೆ.