ನಿಷೇಧದ ಕಾಯ್ದೆಯಲ್ಲಿ ತೆರೆದ ಬಾಗಿಲು: ಗೋವಾದ ಕ್ಯಾಸಿನೊಗಳು ಮತ್ತು ಪರವಾನಗಿ

ಭಾರತದಲ್ಲಿ ಜೂಜನ್ನು ನಿಷೇಧಿಸುವ ಅಥವಾ ಅದಕ್ಕೆ ಅನುಮತಿ ಕೊಡುವ ಅಧಿಕಾರ ರಾಜ್ಯಗಳದು. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 34ನೆಯ ನಮೂದು ಪಣ ಮತ್ತು ಜೂಜಿನ ವಿಷಯವನ್ನು ರಾಜ್ಯಗಳಿಗೆ ಒಪ್ಪಿಸಿದೆ; ಅವುಗಳ ಮೇಲೆ ತೆರಿಗೆ ಹಾಕುವ ಹಕ್ಕನ್ನೂ 62ನೆಯ ನಮೂದು ಮೂಲತಃ ರಾಜ್ಯಗಳಿಗೇ ಕೊಟ್ಟಿತ್ತು.

ಈ ಅಧಿಕಾರದ ವ್ಯಾಪ್ತಿ ಎಷ್ಟೆಂಬುದು ಸ್ಪಷ್ಟವಾದದ್ದು ಬೆಂಗಳೂರಿಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ. ಇಲ್ಲಿ ಮುದ್ರಣವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಪದಬಂಧ ಸ್ಪರ್ಧೆಗೆ ಮುಂಬಯಿ ಪ್ರಾಂತದಿಂದಲೂ ಜನ ಪ್ರವೇಶಶುಲ್ಕ ಕಟ್ಟುತ್ತಿದ್ದರು. ಅದರ ಮೇಲೆ ಮುಂಬಯಿ ಸರ್ಕಾರ ಹಾಕಿದ ತೆರಿಗೆಯನ್ನು ಸ್ಪರ್ಧೆಯ ಸಂಘಟಕರಾದ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಪ್ರಶ್ನಿಸಿದಾಗ, ಜೂಜು ಸಂವಿಧಾನದ ರಕ್ಷಣೆ ಪಡೆಯುವ ವ್ಯಾಪಾರವೇ ಅಲ್ಲವೆಂದು ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು. ಹೀಗಾಗಿ ಕ್ಯಾಸಿನೊ ನಡೆಸುವುದು ಯಾರ ಹಕ್ಕೂ ಅಲ್ಲ. ಸರ್ಕಾರ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಮುಂದಿನ ಇಡೀ ಉದ್ಯಮ ನಿಂತಿರುವುದು ಈ ತಳಹದಿಯ ಮೇಲೆ.

1976ರಲ್ಲಿ ನೆರೆಹೊರೆಯ ಎರಡು ಪ್ರದೇಶಗಳಲ್ಲಿ ಎರಡು ಕಾಯ್ದೆಗಳು ಬಂದವು. ಮಹಾರಾಷ್ಟ್ರದ್ದು ಕ್ಯಾಸಿನೊಗಳಿಗೆ ಪರವಾನಗಿ ಕೊಟ್ಟು, ನಿಯಂತ್ರಿಸಿ, ತೆರಿಗೆ ವಿಧಿಸುವುದಕ್ಕೆಂದೇ ರೂಪುಗೊಂಡ ಕಾಯ್ದೆ. ಅದು ಒಂದು ದಿನವೂ ಜಾರಿಗೆ ಬಾರದೆ ಕಡತದಲ್ಲೇ ಉಳಿದು, ಅದನ್ನು ರದ್ದುಮಾಡುವ ತೀರ್ಮಾನವನ್ನು ಅಲ್ಲಿನ ಸರ್ಕಾರ 2023ರಲ್ಲಿ ಕೈಗೊಂಡಿತು. ಆಗಿನ್ನೂ ಕೇಂದ್ರಾಡಳಿತ ಪ್ರದೇಶವಾಗಿದ್ದ ಗೋವಾ, ದಮನ್ ಮತ್ತು ದಿಯುವಿನ ಕಾಯ್ದೆಯಾದರೋ ಸಾರ್ವಜನಿಕ ಜೂಜನ್ನು ನಿಷೇಧಿಸುವಂಥದ್ದು. ಆದರೂ ಕ್ಯಾಸಿನೊ ಬೆಳೆದದ್ದು ಈ ನಿಷೇಧದ ನೆಲದಲ್ಲೇ. 1992ರ ತಿದ್ದುಪಡಿ ಅದಕ್ಕೆ 13-ಎ ಎಂಬ ಸೆಕ್ಷನ್ನನ್ನು ಸೇರಿಸಿ, ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮೆಷಿನ್, ಅಂದರೆ ಹಣ ಹಾಕಿ ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ಗೆಲುವು ಸೋಲು ತೋರಿಸುವ ಯಂತ್ರ, ಇಡಲು ಶುಲ್ಕ ಪಡೆದು ಅನುಮತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1996ರ ತಿದ್ದುಪಡಿ ತೀರದಾಚೆಯ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅವಕಾಶ ಮಾಡಿತು.

ಈ ಭೇದದ ಪರಿಣಾಮ ದೊಡ್ಡದು. ದಡದ ಹೋಟೆಲಿನಲ್ಲಿ ಎಲೆ ಹಂಚಬೇಕಾದದ್ದು ಯಂತ್ರ. ಹಡಗಿನಲ್ಲಿ ಡೀಲರ್ ಎದುರಿಗೇ ನಿಂತು ಇಸ್ಪೀಟು ಕಲೆಸಿ ಹಂಚಬಹುದು, ರೂಲೆಟ್ ಚಕ್ರವನ್ನು ಕೈಯಿಂದ ತಿರುಗಿಸಬಹುದು. ಆಟಗಾರರು ಬಯಸುವುದು ಈ ಎರಡನೆಯದನ್ನೇ ಆದ್ದರಿಂದ ಬಂಡವಾಳ ನೀರಿನತ್ತ ಹರಿಯಿತು. ಪಣಜಿಯ ಜೆಟ್ಟಿಯಲ್ಲಿ ಪ್ರವೇಶಶುಲ್ಕ ಕಟ್ಟಿದವರನ್ನು ಸಣ್ಣ ದೋಣಿಗಳು ಹಡಗಿಗೆ ಒಯ್ಯುತ್ತವೆ. ಅಲ್ಲಿ ನಗದು ಕೊಟ್ಟು ಚಿಪ್ಸ್ ಎಂಬ ಬಿಲ್ಲೆಗಳನ್ನು ಕೊಂಡರೆ, ಬ್ಲ್ಯಾಕ್‌ಜಾಕ್ ಮೇಜಿನ ಜೊತೆಗೆ ಕನ್ನಡನಾಡಿಗೆ ಚಿರಪರಿಚಿತವಾದ ಅಂದರ್ ಬಾಹರ್ ಮೇಜೂ ಸಿಗುತ್ತದೆ. ಕಾಯ್ದೆ ತೀರದಾಚೆ ಎಂದರೂ ಹಡಗುಗಳು ಲಂಗರು ಹಾಕಿರುವುದು ಸಮುದ್ರದಲ್ಲಲ್ಲ, ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಪಣಜಿಯಲ್ಲಿ ಮಾಂಡವಿಯಾಗಿ ಕಡಲು ಸೇರುವ ನದಿಯಲ್ಲಿ. ಅವುಗಳನ್ನು ಸ್ಥಳಾಂತರಿಸುವ ಮಾತು ಪದೇಪದೇ ಬಂದಿದೆ, ನದಿಯಲ್ಲಿ ಉಳಿಯುವ ಅವಧಿಯೂ ಪದೇಪದೇ ವಿಸ್ತರಣೆಯಾಗಿದೆ. ನಗರದ ಕಣ್ಣೆದುರಿನ ನದಿಯ ಬಳಕೆಯನ್ನು ಇಂಥ ತಾತ್ಕಾಲಿಕ ಆದೇಶಗಳಿಗೆ ಬಿಟ್ಟದ್ದು ಆಡಳಿತದ ಗಂಭೀರ ಲೋಪ.

ಹಡಗುಗಳು ಬೆರಳೆಣಿಕೆಯಷ್ಟೇ ಉಳಿದದ್ದರಿಂದ ಪರವಾನಗಿಯೇ ಬೆಲೆಬಾಳುವ ಆಸ್ತಿಯಾಯಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಡೆಲ್ಟಾ ಕಾರ್ಪ್ ಕಂಪನಿಯು ಪರವಾನಗಿ ಹೊಂದಿದ್ದ ಕಂಪನಿಗಳನ್ನೇ ಕೊಂಡು ಬೆಳೆಯಿತು. ಆಸನ ಸಾಮರ್ಥ್ಯಕ್ಕೆ ತಕ್ಕಂತೆ ಏರುವ ವಾರ್ಷಿಕ ಶುಲ್ಕ ದೊಡ್ಡ ಹಡಗುಗಳಿಗೆ ಹತ್ತಾರು ಕೋಟಿ ರೂಪಾಯಿ ಮುಟ್ಟಿತು. 2020ರ ಫೆಬ್ರವರಿ 1ರಿಂದ ಗೋವಾದ ನಿವಾಸಿಗಳು ಕ್ಯಾಸಿನೊ ಪ್ರವೇಶಿಸುವುದನ್ನು ಸರ್ಕಾರ ನಿಷೇಧಿಸಿತು. ತನ್ನ ಪ್ರಜೆಗಳಿಗೆ ಹಾನಿಕರವೆಂದು ಬಗೆದದ್ದನ್ನು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಂದ ಬರುವವರಿಗೆ ತೆರೆದಿಡುವ ನೀತಿಯನ್ನು ನ್ಯಾಯವೆನ್ನಲಾಗದು.

ಸಿಕ್ಕಿಂ ಬೇರೆ ದಾರಿ ಹಿಡಿದು, ಕ್ಯಾಸಿನೊಗಳ ನಿಯಂತ್ರಣ ಮತ್ತು ತೆರಿಗೆಗೆಂದೇ 2002ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಗ್ಯಾಂಗ್ಟಕ್‌ನಲ್ಲಿ ಮೊದಲ ಕ್ಯಾಸಿನೊ 2009ರಲ್ಲಿ ತೆರೆಯಿತು.

ಸರಕು ಮತ್ತು ಸೇವಾ ತೆರಿಗೆ ಬಂದಮೇಲೆ ಅನುಮತಿಯ ಅಧಿಕಾರ ರಾಜ್ಯದಲ್ಲೇ ಉಳಿದು, ತೆರಿಗೆಯ ತೀರ್ಮಾನ ಜಿಎಸ್‌ಟಿ ಮಂಡಳಿಗೆ ಹೋಯಿತು. ಗೆದ್ದವರಿಗೆ ಹಂಚಿ ಉಳಿದ ಹಣದ ಮೇಲೆ ತೆರಿಗೆ ಕಟ್ಟಬೇಕೆಂಬುದು ಉದ್ಯಮದ ವಾದ. ಆ ಲೆಕ್ಕದಲ್ಲಿ, 1,000 ರೂಪಾಯಿಯ ಚಿಪ್ಸ್ ಮಾರಿದ ಕ್ಯಾಸಿನೊಗೆ ಕೊನೆಗೆ 100 ರೂಪಾಯಿ ಉಳಿದರೆ ಶೇ 28ರಂತೆ 28 ರೂಪಾಯಿ ತೆರಿಗೆಯಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಯಾದ, ಚಿಪ್ಸ್‌ನ ಪೂರ್ಣ ಮುಖಬೆಲೆಯನ್ನೇ ಹಿಡಿಯುವ ನಿಯಮದಂತೆ 280 ರೂಪಾಯಿ. ಅದಕ್ಕೆ ಕೆಲವೇ ದಿನ ಮೊದಲು ಡೆಲ್ಟಾ ಕಾರ್ಪ್‌ಗೆ ಹಿಂದಿನ ವರ್ಷಗಳ ಬಾಬ್ತು 11,139 ಕೋಟಿ ರೂಪಾಯಿಯ ನೋಟಿಸ್ ತಲುಪಿತ್ತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರ ಶೇ 40ಕ್ಕೆ ಏರಿದೆ.